ಶೇಡಿಂಗ್, ಬಣ್ಣ ಕೆಟ್ಟಾಗ: ಟ್ಯಾಟೂ ಸೂಜಿಯಲ್ಲಿ ದೋಷ ಹುಡುಕುವ ಬಗೆ

ಔಟ್‌ಲೈನ್ ನೀಟಾಗಿ ಬಂದು ಶೇಡಿಂಗ್‌ನಲ್ಲಿ ಕೆಲಸ ಹಾಳಾದರೆ ಮೊದಲು ಬೈಸಿಕೊಳ್ಳುವುದು ಇಂಕು. ಆಮೇಲೆ ಮಷಿನ್ನು. ಕೊನೆಗೆ ‘ಅವರ ಸ್ಕಿನ್ನೇ ಸರಿಯಿಲ್ಲ ಬಿಡಿ’ ಅನ್ನುವ ಮಾತು. ಸೂಜಿಯ ಹೆಸರು ಎತ್ತುವವರು ಕಡಿಮೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಸಣ್ಣ ಸ್ಟುಡಿಯೋಗಳಿಗೆ ಸೂಜಿ ಬರುವುದು ಬೆಂಗಳೂರಿಂದ, ಇಲ್ಲವೇ ಆನ್‌ಲೈನ್‌ನಲ್ಲಿ, ಅದೂ ಡಬ್ಬಿಗಟ್ಟಲೆ. ಇಪ್ಪತ್ತು ಕಾರ್ಟ್ರಿಡ್ಜ್‌ನ (ಪ್ಲಾಸ್ಟಿಕ್ ಕವಚದೊಳಗೆ ಕೂರಿಸಿದ ಸೂಜಿಯ) ಒಂದು ಡಬ್ಬಿ ತರಿಸಿದರೆ ಅದು ಖಾಲಿಯಾಗುವ ತನಕ ಹೆಸರು ಬರೆಯಲೂ ಅದೇ, ಗುಲಾಬಿಗೂ ಅದೇ, ಶಿವನ ಮುಖಕ್ಕೂ ಅದೇ. ಅರ್ಧಕ್ಕರ್ಧ ತೊಂದರೆ ಶುರುವಾಗುವುದು ಅಲ್ಲಿಂದ.

ತಪ್ಪು ಸೂಜಿ ಚರ್ಮದ ಮೇಲೆ ಗುರುತು ಬಿಟ್ಟೇ ಬಿಡುತ್ತದೆ. ಆ ಗುರುತು ಚುಕ್ಕಿಯೋ, ಗೀರೋ, ತೇಪೆಯೋ ಅನ್ನುವುದನ್ನು ಮೊದಲು ನೋಡಿ. ವೋಲ್ಟೇಜ್ ನಾಬ್ ಆಮೇಲೆ ಮುಟ್ಟಿದರಾಯಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸೂಜಿ, ವೋಲ್ಟೇಜು, ಇಂಕು ಮೂರನ್ನೂ ಒಟ್ಟಿಗೆ ಬದಲಿಸಿದರೆ ಕೆಲಸ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ, ಮುಂದಿನ ಗಿರಾಕಿಯ ಕೈಮೇಲೆ ಮತ್ತೆ ಅದೇ ಪಾಡು.

ಡಬ್ಬಿಯ ಮೇಲಿನ ನಂಬರು

ಡಬ್ಬಿಯ ಮೇಲೆ 1209ಆರ್‌ಎಸ್ ಅಂತಿದೆ ಅಂದುಕೊಳ್ಳಿ. ಮೊದಲ ಎರಡು ಅಂಕಿ ಒಂದೊಂದು ಸೂಜಿಯ ದಪ್ಪ: 12 ಅಂದರೆ 0.35 ಮಿ.ಮೀ., 10 ಅಂದರೆ 0.30, 08 ಅಂದರೆ 0.25. ಮುಂದಿನ ಎರಡು ಅಂಕಿ ಎಷ್ಟು ಸೂಜಿ ಸೇರಿಸಿ ಬೆಸೆದಿದ್ದಾರೆ ಅನ್ನುವುದು. ಕೊನೆಯ ಅಕ್ಷರಗಳು ಅವುಗಳ ಜೋಡಣೆ. ಆರ್‌ಎಲ್ ಅಂದರೆ ಲೈನರ್, ಸೂಜಿಗಳು ದುಂಡಗೆ ಒತ್ತಾಗಿ ಕೂತಿರುತ್ತವೆ. ಆರ್‌ಎಸ್ ಅಂದರೆ ರೌಂಡ್ ಶೇಡರ್, ದುಂಡಗೇ ಇದ್ದರೂ ಸ್ವಲ್ಪ ಬಿಡಿಬಿಡಿ. ಎಂ1 ಅನ್ನುವುದು ಮ್ಯಾಗ್ನಮ್, ಚಿಕ್ಕದಾಗಿ ಮ್ಯಾಗ್: ಎರಡು ಸಾಲು, ಒಂದು ಮೇಲೆ ಒಂದು ಕೆಳಗೆ ಬರುವ ಹಾಗೆ ಹೆಣೆದದ್ದು. ಎಂ2ನಲ್ಲಿ ಅದೇ ಎರಡು ಸಾಲು ಇನ್ನೂ ಒತ್ತಾಗಿರುತ್ತವೆ. ಆರ್‌ಎಂ ಅಥವಾ ಸಿಎಂ ಅಂದರೆ ಕರ್ವ್ಡ್ ಮ್ಯಾಗ್: ನಡುವಿನ ಸೂಜಿಗಳು ಮುಂದೆ, ಅಂಚಿನವು ಹಿಂದೆ, ತುದಿ ಬಾಗಿರುತ್ತದೆ. ಎಫ್ ಅಂದರೆ ಒಂದೇ ಸಾಲಿನ ಫ್ಲಾಟ್. ಈ ಅಕ್ಷರಗಳನ್ನು ಎಲ್ಲ ಕಂಪನಿಗಳೂ ಒಂದೇ ರೀತಿ ಬಳಸುವುದಿಲ್ಲ, ಹಾಗಾಗಿ ಹೊಸ ಕಂಪನಿಯ ಡಬ್ಬಿ ಬಂದಾಗ ಒಂದನ್ನು ಬಿಚ್ಚಿ ತುದಿಯನ್ನೇ ನೋಡುವುದು ವಾಸಿ.

ಜನ ಎಡವುವುದು ದಪ್ಪದಲ್ಲಿ. ಆರ್ಡರ್ ಹಾಕುವಾಗ ‘ಹದಿನೈದರ ಮ್ಯಾಗ್’ ಅಂದುಬಿಡುತ್ತಾರೆ. 0.25ರ ಹದಿನೈದು, 0.35ರ ಹದಿನೈದಕ್ಕಿಂತ ಅಗಲದಲ್ಲೂ ಕಿರಿದು, ಒಂದು ಕುಟುಕಿಗೆ ಇಳಿಸುವ ಇಂಕಿನಲ್ಲೂ ಕಡಿಮೆ. ನಯವಾದ ಗ್ರೇಗೆ ಸಪೂರ ಸೂಜಿ ಒಳ್ಳೆಯದು. ಗಟ್ಟಿ ಬಣ್ಣ ತುಂಬಲು ಅದೇ ಸೂಜಿ ಹಿಡಿದರೆ ಒಂದೇ ಜಾಗದಲ್ಲಿ ನಾಲ್ಕು ಸಲ ಓಡಾಡಬೇಕಾಗುತ್ತದೆ, ಚರ್ಮ ಅಷ್ಟು ತಡೆಯುವುದಿಲ್ಲ.

ಟೇಪರ್ ಕೂಡ ಲೆಕ್ಕಕ್ಕೆ ಬರುತ್ತದೆ. ತುದಿ ಉದ್ದಕ್ಕೆ ಸಪೂರಾಗಿದ್ದರೆ ಲಾಂಗ್ ಟೇಪರ್: ತೂತು ಸಣ್ಣದು, ಇಂಕು ಕಡಿಮೆ, ನೋವೂ ಕಡಿಮೆ. ಶಾರ್ಟ್ ಟೇಪರ್ ಇದ್ದರೆ ತೂತು ದೊಡ್ಡದು, ಇಂಕು ಹೆಚ್ಚು.

ಶೇಡಿಂಗ್ ಒಳಗೆ ಜೋಡಿ ಗೆರೆ

ನೆರಳಿನ ಒಳಗೆ ರೈಲು ಹಳಿಯ ಹಾಗೆ ಪಕ್ಕಪಕ್ಕ ಎರಡು ಗೆರೆ ಓಡಿದ್ದರೆ, ಅದು ನೇರ ಮ್ಯಾಗ್‌ನ (ತುದಿ ಬಾಗಿರದ ಎಂ1, ಎಂ2) ಎರಡು ಮೂಲೆಗಳ ಕೆಲಸ. ಒಂದೇ ಗೆರೆ ಇದ್ದರೆ ಕೈ ಒಂದು ಪಕ್ಕಕ್ಕೆ ವಾಲಿದೆ, ಒಂದು ಮೂಲೆ ಮಾತ್ರ ಆಳಕ್ಕೆ ಹೋಗಿದೆ. ಮುಂಗೈ, ಭುಜ, ಮೀನಖಂಡದಂಥ ಗುಂಡಗಿನ ಜಾಗದಲ್ಲಿ ಇದು ಜಾಸ್ತಿ, ಯಾಕೆಂದರೆ ಅಲ್ಲಿ ಚಪ್ಪಟೆ ಸೂಜಿ ಸಮನಾಗಿ ಕೂರುವುದೇ ಇಲ್ಲ.

ಅನುಮಾನವಿದ್ದರೆ ಮಷಿನ್ ಆಫ್ ಮಾಡಿ, ಕಾರ್ಟ್ರಿಡ್ಜ್‌ನ ಸೂಜಿಯನ್ನು ಕೈಯಿಂದಲೇ ಹೊರಗೆ ತಳ್ಳಿ, ಇಂಕಿನಲ್ಲಿ ಅದ್ದಿ, ಪ್ರಾಕ್ಟೀಸ್ ಸ್ಕಿನ್ ಮೇಲೆ ನೀವು ಕೆಲಸ ಮಾಡುವ ಕೋನದಲ್ಲೇ ಒತ್ತಿ ನೋಡಿ. ಒಂದು ಕಡೆಯ ಚುಕ್ಕಿಗಳು ದಪ್ಪಗೆ, ಇನ್ನೊಂದು ಕಡೆಯವು ಮಸುಕಾಗಿ ಬಿದ್ದರೆ ತೊಂದರೆ ಹಿಡಿತದಲ್ಲಿದೆ. ಎರಡೂ ಕಡೆ ಒಂದೇ ಸಮ ಬಿದ್ದು ನಡುವೆ ಒಂದೆರಡು ಚುಕ್ಕಿ ಕಾಣೆಯಾದರೆ ಸೂಜಿಯೇ ಬಾಗಿದೆ. ಪ್ರಾಕ್ಟೀಸ್ ಸ್ಕಿನ್ ಇಲ್ಲದಿದ್ದರೆ ಚಕ್ಕೋತದ ಸಿಪ್ಪೆ ಸಾಕು. ದೇವನಹಳ್ಳಿ ಪಕ್ಕದಲ್ಲೇ ಇರುವಾಗ ನಮ್ಮ ಕಡೆಯವರಿಗೆ ಅದಕ್ಕೇನೂ ಬರವಿಲ್ಲ. ಒತ್ತಿ ನೋಡಿದ ಸೂಜಿ ಮತ್ತೆ ಗಿರಾಕಿಯ ಮೈಗೆ ಹೋಗಬಾರದು.

ಪರಿಹಾರ ಸುಲಭ: ಅದೇ ಅಂಕಿಯ ಕರ್ವ್ಡ್ ಮ್ಯಾಗ್ ಹಾಕಿ. ಅಂಚಿನ ಸೂಜಿಗಳು ಹಿಂದೆ ಇರುವುದರಿಂದ ಮೂಲೆ ಕೊರೆಯುವುದು ತಪ್ಪುತ್ತದೆ. ನೇರ ಮ್ಯಾಗ್ ಬಿಟ್ಟು ಬೇರೆ ಇಲ್ಲ ಅನ್ನುವ ದಿನ ಸೂಜಿಯನ್ನು ಅಡ್ಡಡ್ಡ ಎಳೆಯಬೇಡಿ. ಅದರ ಅಗಲ ಯಾವ ಕಡೆಗಿದೆಯೋ ಆ ಕಡೆಗೆ ಎಳೆದರೆ ಅದು ಬ್ಲೇಡ್ ಕೆಲಸ ಮಾಡುತ್ತದೆ. ಬಣ್ಣ ತುಂಬಲು ಹೊಸಬರು ಕರ್ವ್ಡ್ ಮ್ಯಾಗ್ ಒಂದನ್ನೇ ಕಲಿತರೂ ಸಾಕು, ನೇರ ಮ್ಯಾಗ್ ಬೇಕೇ ಬೇಕು ಅನ್ನುವ ಕೆಲಸ ತೀರಾ ಕಡಿಮೆ.

ಅವತ್ತು ತುಂಬಿದಂತಿತ್ತು, ಒಣಗಿದ ಮೇಲೆ ತೇಪೆ

ಅತಿ ಹೆಚ್ಚು ದೂರು ಬರುವುದು ಇದಕ್ಕೆ. ಕಾರಣ ಮೂರ್ನಾಲ್ಕು ಇರುವುದರಿಂದ, ತೇಪೆಯ ಆಕಾರವನ್ನು ಬೆಳಕಿನಲ್ಲಿ ಹತ್ತಿರದಿಂದ ನೋಡದೆ ಟಚ್‌ಅಪ್‌ಗೆ ಕೂರಿಸಬೇಡಿ.

ಬಣ್ಣದ ನಡುವೆ ಸಣ್ಣ ಸಣ್ಣ ಬಿಳಿ ಚುಕ್ಕಿ, ಹೆಚ್ಚುಕಡಿಮೆ ಸಮಾನ ಅಂತರದಲ್ಲಿ: ಮಷಿನ್‌ನ ಓಟಕ್ಕಿಂತ ಕೈಯ ಓಟ ಜೋರಾಗಿದೆ. ಸೂಜಿ ಒಂದು ಸಲ ಇಳಿದು ಮತ್ತೆ ಇಳಿಯುವಷ್ಟರಲ್ಲಿ ಕೈ ಮುಂದೆ ಹೋಗಿದೆ. ಸೂಜಿ ಬದಲಿಸುವುದು ಬೇಡ. ಕೈ ನಿಧಾನ ಮಾಡಿ, ಸಣ್ಣ ಸಣ್ಣ ಸುತ್ತು ಹಾಕುತ್ತಾ, ಒಂದು ಸುತ್ತು ಹಿಂದಿನದರ ಅರ್ಧ ಮುಚ್ಚುವ ಹಾಗೆ ಮುಂದುವರಿಯಿರಿ.

ಉದ್ದುದ್ದ ಪಟ್ಟೆಯ ಹಾಗೆ ಬಣ್ಣ ಬಿಟ್ಟಿದ್ದರೆ ಮ್ಯಾಗ್ ಪೂರ್ತಿ ಅಗಲಕ್ಕೆ ಕೂತಿಲ್ಲ, ಅಥವಾ ಎರಡು ಎಳೆತದ ನಡುವೆ ಜಾಗ ಬಿಟ್ಟಿದ್ದೀರಿ. ದೊಡ್ಡ ಜಾಗಕ್ಕೆ ಸಣ್ಣ ಸೂಜಿ ಹಿಡಿದಾಗಲೂ ಹೀಗೇ ಆಗುತ್ತದೆ. ಅಂಗೈಯಗಲದ ಎಲೆಗೆ ಐದರ ರೌಂಡ್ ಶೇಡರ್ ಹಿಡಿದು ಕೂತರೆ ಪಟ್ಟೆಯೂ ಬೀಳುತ್ತದೆ, ಚರ್ಮವೂ ಕೆಡುತ್ತದೆ. ಹೂವಿನ ಎಸಳಿನಷ್ಟು ಜಾಗಕ್ಕೆ 7 ಅಥವಾ 9ರ ಕರ್ವ್ಡ್ ಮ್ಯಾಗ್, ಮುಂಗೈ ಪೂರ್ತಿ ತುಂಬಲು 13 ಅಥವಾ 15, ಬೆನ್ನಿಗೆ 23ರ ತನಕ ಹೋಗಬಹುದು. ರೌಂಡ್ ಶೇಡರ್ ಇರುವುದು ಮ್ಯಾಗ್ ನುಗ್ಗದ ಮೂಲೆಗೆ, ಕಿರಿದಾದ ಸಂದಿಗೆ.

ಅಂಕುಡೊಂಕು ಅಂಚಿನ ದೊಡ್ಡ ತೇಪೆ, ಉಳಿದ ಕಡೆ ಬಣ್ಣ ಚೆನ್ನಾಗಿದೆ: ಸೂಜಿಯ ತಪ್ಪಲ್ಲ. ಚರ್ಮ ಬಿಗಿ ಹಿಡಿದಿರಲಿಲ್ಲ, ಇಲ್ಲವೇ ಹೊಪ್ಪಳೆ ಕಿತ್ತು ಬಂದಿದೆ. ಇಲ್ಲಿ ಗಿರಾಕಿಯ ಕೆಲಸ ಏನು ಅಂತ ಕೇಳಲೇಬೇಕು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರ ಕೈ ದಿನವಿಡೀ ಬಿಸಿನೀರಿನ ತೊಟ್ಟಿಯಲ್ಲಿ. ಕೋಲಾರದ ಟೊಮೆಟೊ ಮಂಡಿಯಲ್ಲಿ ಕ್ರೇಟ್ ಎತ್ತುವವರ ಮುಂಗೈಗೆ ಗಂಟೆಗಟ್ಟಲೆ ಉಜ್ಜಾಟ. ತಿಪಟೂರು ಕಡೆಯವರಾದರೆ ಮನೆಯ ಕೊಬ್ಬರಿ ಎಣ್ಣೆಯನ್ನು ಹೊತ್ತು ಹೊತ್ತಿಗೂ ಸುರಿಯುತ್ತಾರೆ. ಎಣ್ಣೆ ತೆಳ್ಳಗೆ ಸವರಿದರೆ ಸರಿ, ದಪ್ಪಗೆ ಮೆತ್ತಿದರೆ ಹೊಪ್ಪಳೆ ನೆನೆದು ಬೇಗ ಕಳಚುತ್ತದೆ. ಇಂಥವರಿಗೆ ಟ್ಯಾಟೂ ಹಾಕುವ ದಿನವನ್ನೇ ಅವರ ರಜೆ ನೋಡಿ ಗೊತ್ತುಮಾಡಬೇಕೇ ಹೊರತು ಸೂಜಿ ಬದಲಿಸಿ ಲಾಭವಿಲ್ಲ.

ಎಲ್ಲ ಕಡೆ ಒಂದೇ ಸಮ ಮಸುಕು ಅನ್ನಿಸಿದರೆ ಸೂಜಿ ಮೇಲ್ಪದರದಲ್ಲೇ ನಿಂತಿತ್ತು. ಇಂಕು ಉಳಿಯುವುದು ಚರ್ಮದ ಎರಡನೆಯ ಪದರದಲ್ಲಿ, ಸುಮಾರು 1ರಿಂದ 2 ಮಿ.ಮೀ. ಆಳದಲ್ಲಿ. ಅದರ ಮೇಲಿನದೆಲ್ಲ ವಾರಗಳಲ್ಲಿ ಉದುರಿಹೋಗುತ್ತದೆ. ಆಳ ಸರಿಯಿದ್ದೂ ಮಸುಕಾದರೆ 0.25ರ ಲಾಂಗ್ ಟೇಪರ್‌ನಲ್ಲಿ ಗಟ್ಟಿ ಇಂಕು ತುಂಬಲು ಹೋಗಿದ್ದೀರಿ. 0.35ಕ್ಕೆ ಬನ್ನಿ.

ಟಚ್‌ಅಪ್ ಯಾವುದೇ ಇರಲಿ, ನಾಲ್ಕರಿಂದ ಆರು ವಾರ ಆಗಲಿ. ಹದಿನೈದು ದಿನಕ್ಕೇ ‘ಊರ ಹಬ್ಬ ಇದೆ, ಬೇಗ ಮಾಡಿಕೊಡಿ’ ಅಂತ ಬಂದರೆ ಒಪ್ಪಬೇಡಿ.

ಗ್ರೇ ಗ್ರೇ ಆಗದೆ ಕಪ್ಪಾಗುವುದು

ಶಿವನ ಮುಖ, ಅದರಲ್ಲೂ ಚಿಕ್ಕಬಳ್ಳಾಪುರದ ಆದಿಯೋಗಿ ವಿಗ್ರಹದ ಫೋಟೊ ತೋರಿಸಿ ಇದೇ ಬೇಕು ಅಂದರೆ ಕೆಲಸವೆಲ್ಲ ಗ್ರೇಯಲ್ಲೇ. ಕೆನ್ನೆ, ಹಣೆ, ಕಣ್ಣಿನ ಕೆಳಗಿನ ನೆರಳು ಹಂತ ಕಾಣದ ಹಾಗೆ ಇಳಿಯಬೇಕು. ಅಲ್ಲಿ ಕಪ್ಪು ಕಟ್ಟಿದರೆ ಮೊದಲು ಸೂಜಿಯ ದಪ್ಪ ನೋಡಿ: 0.35 ಇದ್ದರೆ 0.30ಕ್ಕೆ ಇಳಿಯಿರಿ, ಮುಖ ಚಿಕ್ಕದಾಗಿದ್ದರೆ 0.25ಕ್ಕೆ. ಕರ್ವ್ಡ್ ಮ್ಯಾಗ್ ಆಗಿರಲಿ, ಲಾಂಗ್ ಟೇಪರ್ ಇರಲಿ. ಸ್ಟ್ರೋಕ್ (ಸೂಜಿ ಮೇಲೆ ಕೆಳಗೆ ಓಡುವ ದೂರ) ಬದಲಿಸಬಹುದಾದ ಮಷಿನ್ನಾದರೆ 3.5 ಮಿ.ಮೀ.ಯಿಂದ 3ಕ್ಕೆ ಇಳಿಸಿದರೆ ಹೊಡೆತ ಮೆತ್ತಗಾಗುತ್ತದೆ. ಸೂಜಿಯನ್ನು ಲೋಲಕದ ಹಾಗೆ ತೂಗುತ್ತಾ, ಚರ್ಮ ಮುಟ್ಟುವಾಗ ಭಾರವಾಗಿ, ಎತ್ತುವಾಗ ಹಗುರಾಗಿ ಹೋಗಿ. ಎತ್ತುವ ತುದಿಯಲ್ಲಿ ಚುಕ್ಕಿ ಎದ್ದು ಕಂಡರೆ ಕೈ ಗಕ್ಕನೆ ನಿಲ್ಲುತ್ತಿದೆ ಅಂತ ಅರ್ಥ.

ಸೂಜಿ ಸರಿಯಿದ್ದೂ ಕಪ್ಪಾದರೆ ವಾಶ್, ಅಂದರೆ ನೀರು ಬೆರೆಸಿ ತೆಳುಮಾಡಿದ ಕಪ್ಪು ಇಂಕು, ನೋಡಿ. ಶುರುವಿಗೆ ಮೂರು ಕಪ್ ಸಾಕು: ಹತ್ತು ಹನಿಯಲ್ಲಿ ಒಂದು ಹನಿ ಕಪ್ಪು, ಉಳಿದದ್ದು ನೀರು; ಎರಡನೆಯದಕ್ಕೆ ಮೂರು ಹನಿ; ಮೂರನೆಯದಕ್ಕೆ ಆರು. ಹಗುರದಿಂದ ಶುರುಮಾಡಿ. ಕಪ್ಪು ಸೇರಿಸುವುದು ಎಷ್ಟು ಹೊತ್ತಿನ ಕೆಲಸ, ತೆಗೆಯುವುದು ಆಗದ ಮಾತು.

ನೀರಿನ ವಿಷಯ. ಈ ಮೂರು ಜಿಲ್ಲೆಯ ಬೋರ್‌ವೆಲ್ ನೀರು ಗಡಸು, ಹಲವೆಡೆ ಫ್ಲೋರೈಡ್ ಕೂಡ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ನಲ್ಲಿ ನೀರಾಗಲಿ ಕ್ಯಾನ್ ನೀರಾಗಲಿ ಸ್ಟೆರೈಲ್ ಅಲ್ಲ, ಕುದಿಸಿ ಆರಿಸಿಟ್ಟರೂ ಅಲ್ಲ. ‘ಡಿಸ್ಟಿಲ್ಡ್ ವಾಟರ್’ ಅಂತ ಆಟೋ ಅಂಗಡಿಯಿಂದ ಬ್ಯಾಟರಿ ನೀರು ತರುವವರಿದ್ದಾರೆ. ಅದರಲ್ಲಿ ಲವಣ ಇರಲಿಕ್ಕಿಲ್ಲ, ಕ್ರಿಮಿ ಇಲ್ಲ ಅಂತ ಯಾರೂ ಹೇಳಿಲ್ಲ. ಮೆಡಿಕಲ್ ಸ್ಟೋರ್‌ನಲ್ಲಿ ಇಂಜೆಕ್ಷನ್‌ಗೆ ಬಳಸುವ ಸ್ಟೆರೈಲ್ ನೀರಿನ ಸಣ್ಣ ಆಂಪೂಲ್ ಸಿಗುತ್ತದೆ. ಒಬ್ಬ ಗಿರಾಕಿಗೆ ಅಂತ ಒಡೆದದ್ದನ್ನು ಇನ್ನೊಬ್ಬರಿಗೆ ಇಡಬೇಡಿ.

ಚುಕ್ಕಿ ಶೇಡಿಂಗ್ ಬೇಕಾದವರಿಗೆ ಮ್ಯಾಗ್ ಬೇಡ, 3ರಿಂದ 7ರ ಲೈನರ್ ಸಾಕು. ವೋಲ್ಟೇಜ್ ಕಡಿಮೆ, ಕೈ ಬಿರುಸು. ಚುಕ್ಕಿಗಳು ಒಂದಕ್ಕೊಂದು ಕೂಡಿಕೊಂಡರೆ ಕೈ ನಿಧಾನವಾಗಿದೆ. ಚುಕ್ಕಿ ಎಳೆದುಕೊಂಡು ಗೀರಾದರೆ ಸೂಜಿ ಒಳಗಿರುವಾಗಲೇ ಕೈ ಓಡುತ್ತಿದೆ, ಆಳ ಕಡಿಮೆ ಮಾಡಿ.

ಚರ್ಮ ತರಿದ ಹಾಗೆ

ಕೆಲಸದ ನಡುವೆಯೇ ಮೇಲ್ಮೈ ಹೊಳೆಯತೊಡಗಿ, ತಿಳಿನೀರು ಜಿನುಗಿ, ಒರೆಸಿದಷ್ಟೂ ರಕ್ತ ಬಂದರೆ ನಿಲ್ಲಿಸಿ. ಅಲ್ಲಿಂದ ಮುಂದೆ ತುಂಬಿದ ಇಂಕು ನಿಲ್ಲುವುದಿಲ್ಲ; ಒಣಗಿದ ಮೇಲೆ ಚರ್ಮ ಉಬ್ಬಿಕೊಂಡು ಕೈಗೆ ತಾಗುತ್ತದೆ.

ಎಲ್ಲಕ್ಕಿಂತ ಮೊದಲು ಸೂಜಿಯ ತುದಿಯನ್ನು ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್‌ನಲ್ಲಿ ನೋಡಿ. ಅಕ್ಕಸಾಲಿಗರು ಕಣ್ಣಿಗೆ ಹಚ್ಚಿಕೊಳ್ಳುವಂಥದ್ದೇ ಸಾಕು. ಇಂಕು ಕಪ್‌ನ ತಳಕ್ಕೆ ಸೂಜಿ ಬಡಿದರೆ ತುದಿ ಕೊಕ್ಕೆಯಾಗುತ್ತದೆ, ಒಂದೇ ಒಂದು ಕೊಕ್ಕೆಯಾದರೂ ಸಾಕು, ಪ್ರತಿ ಕುಟುಕಿಗೂ ಚರ್ಮ ಕೀಳುತ್ತಾ ಹೋಗುತ್ತದೆ. ಲೂಪ್ ಇಲ್ಲದಿದ್ದರೆ ತುದಿಯನ್ನು ಹತ್ತಿಯ ಮೇಲೆ ಹಗುರಾಗಿ ಎಳೆಯಿರಿ: ಎಳೆ ಸಿಕ್ಕಿಕೊಂಡರೆ ಕೊಕ್ಕೆಯಿದೆ. ಹೀಗೆ ಪರೀಕ್ಷಿಸಿದ ಸೂಜಿ ಸರಿಯಿದ್ದರೂ ಎಸೆಯಿರಿ, ಹತ್ತಿ ತಾಗಿದ ಮೇಲೆ ಅದು ಸ್ಟೆರೈಲ್ ಅಲ್ಲ.

ತುದಿ ಸರಿಯಿದ್ದರೆ ಮುಂದಿನ ಅನುಮಾನ ಜೋಡಣೆಯ ಮೇಲೆ. ಲೈನರ್‌ನಲ್ಲಿ ಬಣ್ಣ ತುಂಬುವ ಅಭ್ಯಾಸ ನಮ್ಮ ಕಡೆ ಬಹಳ. ಒತ್ತಾಗಿ ಕೂತ ಸೂಜಿಗಳು ಒಂದೇ ಬಿಂದುವಿಗೆ ಬಡಿದು ಆ ಜಾಗವನ್ನು ಜಜ್ಜುತ್ತವೆ. ಅಷ್ಟೇ ಅಂಕಿಯ ರೌಂಡ್ ಶೇಡರ್ ಹಾಕಿದರೆ ಹೊಡೆತ ಹರಡಿಕೊಳ್ಳುತ್ತದೆ. ಫ್ಲಾಟ್ ಸೂಜಿಯೂ ಅಷ್ಟೇ, ಕೈ ಪಳಗದವರಿಗೆ ಕುಯ್ಯುವುದೇ ಹೆಚ್ಚು. ಒರೆಸುವಾಗ ಟಿಶ್ಯೂ ಉಜ್ಜಬೇಡಿ, ಒತ್ತಿ ತೆಗೆಯಿರಿ. ಒರಟು ಟಿಶ್ಯೂ ಮಾಡುವ ಹಾನಿಯನ್ನು ಎಷ್ಟೋ ಸಲ ಸೂಜಿಯ ತಲೆಗೆ ಕಟ್ಟಲಾಗುತ್ತದೆ.

ಗೆರೆಯ ಸುತ್ತ ನೀಲಿ ಹಬ್ಬಿಕೊಂಡರೆ ಅದು ಬೇರೆ ರೋಗ: ಸೂಜಿ ಎರಡನೆಯ ಪದರವನ್ನೂ ದಾಟಿ ಕೊಬ್ಬಿಗೆ ಇಳಿದಿದೆ. ಒಳಗೈ, ಮೊಣಕೈ ಮಡಿಕೆ, ಮಣಿಕಟ್ಟಿನ ಒಳಬದಿಯಂಥ ತೆಳು ಚರ್ಮದಲ್ಲಿ, ಸೂಜಿಯನ್ನು ತೀರಾ ಓರೆಯಾಗಿ ಮಲಗಿಸಿದಾಗ ಆಗುವಂಥದ್ದು. ಟಚ್‌ಅಪ್‌ನಲ್ಲಿ ಹೋಗುವುದಿಲ್ಲ, ಸುತ್ತ ನೆರಳು ಕೊಟ್ಟು ಮರೆಮಾಡಬಹುದು ಅಷ್ಟೆ.

ಇನ್ನು ‘ಅಮ್ಮ’, ‘ಅಪ್ಪ’ ಅಂತ ಬರೆಸಿಕೊಳ್ಳುವವರದ್ದು. ಕನ್ನಡ ಅಕ್ಷರದ ಹೊಟ್ಟೆ, ಒತ್ತಕ್ಷರದ ಸಂದಿ ಕಿರಿದು. ಒಂದಿಂಚಿನ ಅಕ್ಷರದ ಒಳಗೆ ಮ್ಯಾಗ್ ಹಾಕಿದರೆ ವರ್ಷ ಕಳೆಯುವಷ್ಟರಲ್ಲಿ ಇಂಕು ತುಸು ಹರಡಿ ಸಂದಿ ಮುಚ್ಚಿಹೋಗುತ್ತದೆ. ಇಲ್ಲಿ 3 ಅಥವಾ 5ರ ರೌಂಡ್ ಸೂಜಿಯೇ ಸರಿ. ಅದಕ್ಕೂ ಜಾಗ ಸಾಲದಿದ್ದರೆ ಅಕ್ಷರ ದೊಡ್ಡದು ಮಾಡಲು ಗಿರಾಕಿಯನ್ನು ಒಪ್ಪಿಸಿ.

ಹಳದಿ, ಬಿಳಿ ಕೊಳೆಯಾಗಿ ಕಾಣುವುದು

ಬಿಳಿ, ಹಳದಿ ಇಂಕು ಗಟ್ಟಿ. ಸಪೂರ ಸೂಜಿಯಲ್ಲಿ ಸಲೀಸಾಗಿ ಇಳಿಯುವುದಿಲ್ಲ, 0.35ರ ಕರ್ವ್ಡ್ ಮ್ಯಾಗ್ ಅಥವಾ ರೌಂಡ್ ಶೇಡರ್ ಬೇಕು. ಕಡು ಬಣ್ಣ ಮೊದಲು, ತಿಳಿ ಬಣ್ಣ ಆಮೇಲೆ, ಬಿಳಿ ಕಟ್ಟಕಡೆಗೆ, ಹೊಸ ಕಾರ್ಟ್ರಿಡ್ಜ್‌ನಲ್ಲಿ. ಕಪ್ಪಿಗೆ ಬಳಸಿದ ಸೂಜಿಯನ್ನು ನೀರಲ್ಲಿ ಅಲ್ಲಾಡಿಸಿ ಹಳದಿಗೆ ಅದ್ದಿದರೆ ಕಾರ್ಟ್ರಿಡ್ಜ್ ಒಳಗೆ ಇಂಕು ಹಿಂದಕ್ಕೆ ಹೋಗದಂತೆ ತಡೆಯುವ ಮೆಂಬ್ರೇನ್ (ತೆಳು ಪೊರೆ) ಹತ್ತಿರ ಉಳಿದ ಕಪ್ಪು ಹನಿಹನಿಯಾಗಿ ಬಂದು ಸೇರುತ್ತದೆ. ಒಂದು ಸೂಜಿ ಉಳಿಸಲು ಹೋಗಿ ಹೂವೇ ಮಾಸಿಹೋಗುತ್ತದೆ.

ಇಷ್ಟೆಲ್ಲ ಸರಿಯಿದ್ದರೂ, ಒಣಗಿದ ಮೇಲೆ ಇಂಕಿನ ಮೇಲೆ ಚರ್ಮದ ಸ್ವಂತ ಬಣ್ಣದ ಪದರ ಬಂದು ಕೂರುತ್ತದೆ. ಗೋಧಿ ಬಣ್ಣ, ಎಣ್ಣೆಗಪ್ಪು ಮೈಗೆ ಬಿಳಿ ಬಿಳಿಯಾಗಿ ಉಳಿಯುವುದಿಲ್ಲ. ಇದನ್ನು ಸ್ಟೆನ್ಸಿಲ್ ಹಚ್ಚುವ ಮೊದಲೇ ಹೇಳಿ. ಅಜ್ಜಿಯರ ಕೈಯ ಹಸಿರು ಹಚ್ಚೆ ಮುಚ್ಚಿಕೊಡಿ ಅಂತ ಬಂದಾಗಲೂ ಅಷ್ಟೇ: ಹಳದಿ ಹೂವಿನಿಂದ ಅದು ಮುಚ್ಚುವುದಿಲ್ಲ, ಅದಕ್ಕಿಂತ ಕಡು ಬಣ್ಣವೇ ಬೇಕು. ಅಂಥ ಕೈಯನ್ನು ಹಾಗೇ ಬಿಡುವುದು ಚೆಂದ ಅನ್ನುವುದು ನಮ್ಮ ಅಭಿಪ್ರಾಯ.

ಇಂಕು ಇಳಿಯದಿದ್ದರೆ, ಉಗುಳಿದರೆ

ಇಂಕು ಇಳಿಯದಿದ್ದಾಗ ಸೂಜಿ ಎಷ್ಟು ಹೊರಗೆ ಬರುತ್ತಿದೆ ನೋಡಿ. ಪೂರ್ತಿ ಹೊರಬಂದಾಗ 2ರಿಂದ 2.5 ಮಿ.ಮೀ. ಕಂಡರೆ ಸರಿ. ತುಂಬ ಹೊರಗಿದ್ದರೆ ಸೂಜಿ ಟಿಪ್‌ನೊಳಗೆ ವಾಪಸ್ ಹೋಗಿ ಇಂಕು ಎತ್ತಿಕೊಳ್ಳುವುದಿಲ್ಲ, ಒಣ ಸೂಜಿಯೇ ಓಡುತ್ತಿರುತ್ತದೆ. ಟಿಪ್‌ನಲ್ಲಿ ಇಂಕು ಒಣಗಿ ಕಟ್ಟಿರುವುದೂ ಉಂಟು, ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಕೂತವರಿಗೆ ಇದು ಜಾಸ್ತಿ.

ಉಗುಳುತ್ತಿದ್ದರೆ ಕಾರ್ಟ್ರಿಡ್ಜ್ ಕೊನೆಯ ತನಕ ತಿರುಗಿ ಲಾಕ್ ಆಗಿದೆಯೇ ನೋಡಿ, ಆಮೇಲೆ ವೋಲ್ಟೇಜ್ ಅರ್ಧ ವೋಲ್ಟ್ ಇಳಿಸಿ. ಹಿಡಿಯ ಒಳಗೆ, ಹಿಂಬದಿಯಲ್ಲಿ ಇಂಕು ಕಂಡರೆ ಮೆಂಬ್ರೇನ್ ಸೋರಿದೆ ಅಂತ. ಆ ಕಾರ್ಟ್ರಿಡ್ಜ್ ಅಲ್ಲಿಗೇ ಮುಗಿಯಿತು, ಮಷಿನ್‌ನ ಬಾಯಿ ಸೋಂಕುನಾಶಕದಿಂದ ಒರೆಸದೆ ಮುಂದಿನದನ್ನು ಹಾಕಬೇಡಿ, ರಕ್ತವೂ ಅದೇ ದಾರಿಯಲ್ಲಿ ಬಂದಿರುತ್ತದೆ. ದೊಡ್ಡ ಮ್ಯಾಗ್ ಹಾಕಿದ ಕೂಡಲೇ ಮಷಿನ್ ಸೋತಂತಾದರೆ ಹೆದರಬೇಕಿಲ್ಲ. ಹೆಚ್ಚು ಸೂಜಿಗೆ ಚರ್ಮದ ತಡೆಯೂ ಹೆಚ್ಚು, ಅರ್ಧ ವೋಲ್ಟ್ ಏರಿಸಿ. ಸೂಜಿ ಯಾವುದೇ ಇರಲಿ, ಓಟ ತಾನಾಗಿ ಏರಿ ಇಳಿದರೆ ಮಷಿನ್‌ಗೆ ಕರೆಂಟ್ ಕೊಡುವ ಕ್ಲಿಪ್ ಕಾರ್ಡ್ ಅಥವಾ ಪೆಡಲ್ ವಯರ್ ಸಡಿಲ.

ಡಬ್ಬಿಯೇ ಕೆಟ್ಟಿದ್ದರೆ

ಒಂದೇ ಡಬ್ಬಿಯ ಎರಡು ಮೂರು ಸೂಜಿಗಳಲ್ಲಿ ಕೊಕ್ಕೆ, ಬಾಗಿದ ತುದಿ, ಅಲುಗಾಡುವ ಜೋಡಣೆ ಕಂಡರೆ ಉಳಿದವನ್ನೂ ಬಳಸಬೇಡಿ. ಪ್ರತಿ ಪೊಟ್ಟಣದ ಮೇಲೆ ಲಾಟ್ ನಂಬರ್, ಸ್ಟೆರಿಲೈಸ್ ಮಾಡಿದ ಗುರುತು, ಅವಧಿ ಮುಗಿಯುವ ತಿಂಗಳು ಇರಬೇಕು. ಇವು ಇಲ್ಲದ ಬಿಡಿ ಸೂಜಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಲಾಟ್ ನಂಬರ್ ಬರೆದಿಟ್ಟುಕೊಂಡು, ಲೂಪ್ ಮೇಲೆ ಮೊಬೈಲ್ ಹಿಡಿದು ತುದಿಯ ಫೋಟೊ ತೆಗೆದು ಮಾರಿದವರಿಗೆ ಕಳಿಸಿ, ಬದಲಿಸಿಕೊಡುವಂತೆ ಕೇಳಿ. ಬಳಸಿದ್ದು, ಪರೀಕ್ಷೆಗೆ ಬಿಚ್ಚಿದ್ದು ಎಲ್ಲ ಚುಚ್ಚಿ ಹೊರಬರದ ಗಟ್ಟಿ ಡಬ್ಬಕ್ಕೆ, ಅಲ್ಲಿಂದ ಆಸ್ಪತ್ರೆ ತ್ಯಾಜ್ಯ ಒಯ್ಯುವವರಿಗೆ. ಕಸದ ಗಾಡಿಗೆ ಹಾಕಬೇಡಿ.

ಹೊಸದಾಗಿ ತರಿಸುವಾಗ ಸಣ್ಣ ಸ್ಟುಡಿಯೋಗೆ ಐದು ಬಗೆ ಸಾಕು: 0.30ರ 3 ಲೈನರ್, 0.35ರ 5 ರೌಂಡ್ ಶೇಡರ್, 0.30ರ 7 ಕರ್ವ್ಡ್ ಮ್ಯಾಗ್, 0.35ರ 9 ಕರ್ವ್ಡ್ ಮ್ಯಾಗ್, 0.30ರ 15 ಕರ್ವ್ಡ್ ಮ್ಯಾಗ್. ಒಂದೇ ಬಗೆಯ ಐದು ಡಬ್ಬಿ ತರಿಸುವ ದುಡ್ಡಿಗೆ ಈ ಐದೂ ಬರುತ್ತವೆ, ಹೆಚ್ಚೆಂದರೆ ಮ್ಯಾಗ್‌ಗೆ ಸ್ವಲ್ಪ ಜಾಸ್ತಿ ಬೀಳಬಹುದು.